ಲೋಕದಿಂದ ಪ್ರತ್ಯೇಕವಾಗುವುದೆಂದರೆ ಸೋದರಮಾವನ ಮನೆಯಿಂದ ಪ್ರತ್ಯೇಕವಾಗುವುದೇ?

ಓದುಗರ ಪ್ರಶ್ನೆ: ನನ್ನ ತವರು ಹುಬ್ಬಳ್ಳಿಯ ಹಿಂದೂ ಮನೆತನ. ಇಪ್ಪತ್ತೇಳು ವರ್ಷಗಳ ಹಿಂದೆ ಕ್ರೈಸ್ತ ಕುಟುಂಬಕ್ಕೆ ಸೊಸೆಯಾಗಿ ಬಂದು, ದೀಕ್ಷಾಸ್ನಾನ ಪಡೆದು, ಧಾರವಾಡದಲ್ಲಿ ನೆಲೆಸಿದ್ದೇನೆ. ಎರಡೂ ಮನೆಗಳ ನಡುವೆ ಹೋಗಿಬರುವುದು ಎಂದೂ ನಿಂತಿರಲಿಲ್ಲ. ನನ್ನ ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಒಂದೂವರೆ ವರ್ಷದಿಂದ ಅಲ್ಲಿನ ಒಂದು ಚಿಕ್ಕ ಪ್ರಾರ್ಥನಾ ಕೂಟಕ್ಕೆ ಹೋಗುತ್ತಿದ್ದಾನೆ. ಅದರಿಂದ ಒಳ್ಳೆಯದೂ ಆಗಿದೆ, ಕುಡಿತ ಬಿಟ್ಟಿದ್ದಾನೆ. ಆದರೆ ‘ಲೋಕದಿಂದ ಪ್ರತ್ಯೇಕವಾಗಿರಬೇಕು’ ಎಂದು ದೀಪಾವಳಿಗೆ ಸೋದರಮಾವನ ಮನೆಗೆ ಬರಲಿಲ್ಲ. ಅಲ್ಲಿಂದ ಬಂದ ಫರಾಳದ ಡಬ್ಬಿಯನ್ನು ಮುಟ್ಟಲಿಲ್ಲ. ಎಂಬತ್ತು ದಾಟಿದ ಅಜ್ಜಿಯನ್ನು ಸಿದ್ಧಾರೂಢರ ಮಠದ ಬಾಗಿಲವರೆಗೆ ಗಾಡಿಯಲ್ಲಿ ಬಿಟ್ಟುಬರಲೂ ಒಪ್ಪಲಿಲ್ಲ. ನಾನು ಮಂಗಳಸೂತ್ರ ತೆಗೆಯಬೇಕು, ಟಿವಿ ಹೊರಹಾಕಬೇಕು ಎನ್ನುತ್ತಾನೆ. ನಮ್ಮ ಸಭೆಯವರೂ ಲೋಕದವರೇ ಅಂತೆ. ಬರುವ ತಿಂಗಳು ನನ್ನ ಅಣ್ಣನ ಮಗಳ ಮದುವೆ. ನಂಬಿಕೆಯಲ್ಲಿ ತಪ್ಪುತ್ತಿರುವವಳು ನಾನೋ, ಹದ ಮೀರುತ್ತಿರುವವನು ಅವನೋ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಮಗ ದೇವರಿಗೆ ಹತ್ತಿರವಾಗುತ್ತ ಮನೆಗೆ ದೂರವಾಗುತ್ತಿದ್ದಾನೆ ಎಂಬುದು ಒಂದು. ಅವನು ಹೇಳುತ್ತಿರುವುದೇ ನಿಜವಾಗಿದ್ದರೆ ಇಪ್ಪತ್ತೇಳು ವರ್ಷ ತಾನು ನಡೆದ ದಾರಿಯೇ ತಪ್ಪಾಗಿರಬಹುದಲ್ಲ ಎಂಬುದು ಇನ್ನೊಂದು. ಎರಡನೆಯದನ್ನು ನೀವು ಬಾಯಿಬಿಟ್ಟು ಬರೆದಿಲ್ಲ, ಆದರೆ ಮಂಗಳಸೂತ್ರದ ಮಾತು ಬಂದ ಸಾಲಿನಲ್ಲಿ ಅದು ಕಾಣುತ್ತದೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸಭಾಪಾಲಕನಾಗಿದ್ದು, ಅದರಲ್ಲಿ ಕೆಲವು ವರ್ಷ ಸತ್ಯವೇದದ, ಅಂದರೆ ಬೈಬಲ್ಲಿನ, ಮೂಲಭಾಷೆಗಳನ್ನು ಪಾಠ ಹೇಳಿದ ನನಗೆ ಇಂಥ ಮನೆಗಳು ಹೊಸತಲ್ಲ. ಆದ್ದರಿಂದ ಸುತ್ತಿ ಬಳಸದೆ ಹೇಳುತ್ತೇನೆ. ಪ್ರತ್ಯೇಕತೆ ಎಂಬ ಬೋಧನೆಯನ್ನು ನಿಮ್ಮ ಮಗ ತಾನಾಗಿ ಕಟ್ಟಿಕೊಂಡಿಲ್ಲ, ಅದು ಸತ್ಯವೇದದಲ್ಲಿದೆ, ಗಟ್ಟಿಯಾಗಿಯೇ ಇದೆ. ಅವನು ಎಡವಿರುವುದು ಯಾವುದರಿಂದ ಪ್ರತ್ಯೇಕವಾಗಬೇಕು ಎಂಬಲ್ಲಿ.

ನಮ್ಮ ಕನ್ನಡ ಬೈಬಲ್ಲಿನಲ್ಲಿ ‘ಪರಿಶುದ್ಧ’ ಎಂದು ಬರುವ ಹೀಬ್ರೂ ಪದ ‘ಕಾದೋಶ್’. ಅದರಲ್ಲಿ ಬೇರೆಯಾಗಿ ತೆಗೆದಿರಿಸಿದ್ದು, ದೇವರಿಗೆಂದು ಮೀಸಲಿಟ್ಟದ್ದು ಎಂಬ ಅರ್ಥ ಇದೆ. ಕನ್ನಡದ ‘ಮೀಸಲು’ ಅದಕ್ಕೆ ಬಹಳ ಹತ್ತಿರದ ಮಾತು ಎಂದು ನನಗೆ ಯಾವಾಗಲೂ ಅನ್ನಿಸಿದೆ. ಮೀಸಲು ಎಂದಾಗ ನಮ್ಮ ಮನಸ್ಸು ಯಾರಿಗಾಗಿ ಎಂದು ಕೇಳುತ್ತದೆ, ಪ್ರತ್ಯೇಕ ಎಂದಾಗ ಯಾರಿಂದ ಎಂದು ಕೇಳುತ್ತದೆ, ಅನರ್ಥ ಅಲ್ಲಿಂದಲೇ ಶುರುವಾಗುತ್ತದೆ. ಯಾಜಕಕಾಂಡದ 19ನೆಯ ಅಧ್ಯಾಯ ದೇವರು ಪರಿಶುದ್ಧನಾಗಿರುವುದರಿಂದ ನೀವೂ ಪರಿಶುದ್ಧರಾಗಿರಬೇಕು ಎಂಬ ಆಜ್ಞೆಯಿಂದ ಆರಂಭವಾಗುತ್ತದೆ. ಅದಾದ ಮರುವಚನದಲ್ಲಿಯೇ ಏನಿದೆ ಎಂದು ನಿಮ್ಮ ಮಗನನ್ನು ಕೇಳಿ ನೋಡಿ. ತಾಯಿತಂದೆಗಳಿಗೆ ಗೌರವ ಕೊಡಬೇಕು ಎಂದಿದೆ, ಹೀಬ್ರೂ ಮೂಲದಲ್ಲಿ ತಾಯಿಯ ಹೆಸರೇ ಮೊದಲು. ಹೊಲದ ಅಂಚಿನ ತೆನೆಗಳನ್ನು ಬಡವರಿಗೆ ಬಿಡುವುದು, ಕೂಲಿಯನ್ನು ಬೆಳಗಿನ ತನಕ ತಡೆಹಿಡಿಯದಿರುವುದು, ಕುರುಡನ ದಾರಿಯಲ್ಲಿ ಎಡವುಗಲ್ಲು ಇಡದಿರುವುದು, ತಲೆ ನರೆತವರ ಮುಂದೆ ಎದ್ದು ನಿಲ್ಲುವುದು, ತಕ್ಕಡಿಯಲ್ಲಿ ಮೋಸ ಮಾಡದಿರುವುದು ಎಲ್ಲವೂ ಅದೇ ಅಧ್ಯಾಯದಲ್ಲಿ ಬರುತ್ತವೆ. ವಿಗ್ರಹಗಳನ್ನು ಮಾಡಿಕೊಳ್ಳಬಾರದು ಎಂಬ ಆಜ್ಞೆಯೂ ಅಲ್ಲಿಯೇ ಇದೆ, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಅದು ಆ ಪಟ್ಟಿಯ ಒಂದು ಅಂಶ, ಉಳಿದವುಗಳನ್ನು ನುಂಗಿಹಾಕಲು ಇಟ್ಟದ್ದಲ್ಲ.

ಇಲ್ಲಿ ಅನುವಾದದ ಒಂದು ಸಂಗತಿಯನ್ನು ಹೇಳಲೇಬೇಕು. ರೋಮಾಪುರದವರಿಗೆ ಬರೆದ ಪತ್ರಿಕೆಯ 12ನೆಯ ಅಧ್ಯಾಯದ ಎರಡನೆಯ ವಚನದಲ್ಲಿ, ಇಹಲೋಕದ ನಡವಳಿಕೆಯನ್ನು ಅನುಸರಿಸದೆ ‘ಪರಲೋಕಭಾವದವರಾಗಿರಿ’ ಎಂದು ನಮ್ಮ ಹಳೆಯ ಕನ್ನಡ ಅನುವಾದದಲ್ಲಿದೆ. ಗ್ರೀಕಿನಲ್ಲಿ ಇರುವುದು ‘ರೂಪಾಂತರ ಹೊಂದಿರಿ’ ಎಂಬ ಕ್ರಿಯಾಪದ ಮಾತ್ರ, ಅಲ್ಲಿ ಪರಲೋಕದ ಹೆಸರಿಲ್ಲ. ಅನುವಾದಕರ ಉದ್ದೇಶ ಒಳ್ಳೆಯದೇ, ಮಾತೂ ಸೊಗಸಾಗಿದೆ. ಆದರೆ ಅದನ್ನು ಕೇಳುತ್ತ ಬೆಳೆದ ನಮಗೆ ಭಕ್ತಿಯೆಂದರೆ ಕಾಲು ಈ ನೆಲದಿಂದ ಎತ್ತಿಡುವುದು ಎಂಬ ಭಾವನೆ ಅರಿಯದೆ ಬಂದುಬಿಟ್ಟಿದೆ. ಆ ಪತ್ರಿಕೆಯನ್ನು ಬರೆದ ಅಪೊಸ್ತಲ ಪೌಲನು ಕೇಳುತ್ತಿರುವುದು ಮನಸ್ಸು ಹೊಸದಾಗಬೇಕು ಎಂದು, ಮತ್ತು ಆ ಅಧ್ಯಾಯ ಮುಂದುವರಿಯುವುದು ಅತಿಥಿಸತ್ಕಾರ, ಅಳುವವರ ಸಂಗಡ ಅಳುವುದು, ಸಾಧ್ಯವಾದಷ್ಟು ಎಲ್ಲರ ಸಂಗಡ ಸಮಾಧಾನದಿಂದ ಇರುವುದು ಎಂಬ ನೆಲದ ಮೇಲಿನ ಸಂಗತಿಗಳಿಗೇ.

ಇನ್ನು ‘ಲೋಕ’. ಗ್ರೀಕಿನ ‘ಕೊಸ್ಮೊಸ್’ ಎಂಬ ಒಂದೇ ಪದ ಯೋಹಾನನ ಬರಹಗಳಲ್ಲಿ ದೇವರು ಪ್ರೀತಿಸಿದ ಮನುಷ್ಯಕುಲವನ್ನೂ ಸೂಚಿಸುತ್ತದೆ, ದೇವರಿಗೆ ಬೆನ್ನು ಮಾಡಿ ನಿಂತ ಬದುಕಿನ ಕ್ರಮವನ್ನೂ ಸೂಚಿಸುತ್ತದೆ. ಲೋಕವನ್ನು ಪ್ರೀತಿಸಬೇಡಿರಿ ಎಂದು ಯೋಹಾನನ ಮೊದಲನೆಯ ಪತ್ರಿಕೆ ಹೇಳುವಾಗ ಆ ಲೋಕದಲ್ಲಿ ಏನಿದೆ ಎಂಬುದನ್ನೂ ಅದೇ ವಿವರಿಸಿಬಿಡುತ್ತದೆ. ಶರೀರದ ಆಶೆ, ಕಣ್ಣಿನ ಆಶೆ, ಬದುಕಿನ ಡಂಬ. ಈ ಮೂರಕ್ಕೂ ವಿಳಾಸ ಬೇರೆಯವರ ಮನೆಯಲ್ಲ, ಇವು ನಮ್ಮ ಎದೆಯೊಳಗೇ ಬಿಡಾರ ಹೂಡುವಂಥವು. ಪ್ರಾರ್ಥನಾ ಕೂಟದ ಬಾಗಿಲು ಮುಚ್ಚಿಕೊಂಡರೆ ಇವು ಹೊರಗೆ ಉಳಿಯುವುದಿಲ್ಲ.

ನಿಮ್ಮ ಮಗ ಬಹುಶಃ ಎತ್ತಿ ಹೇಳುವ ವಚನ ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ ಆರನೆಯ ಅಧ್ಯಾಯದ್ದು. ನಂಬದವರೊಂದಿಗೆ ‘ಇಜ್ಜೋಡಾಗಬೇಡಿರಿ’ ಎಂಬ ಆ ಮಾತು ಒಕ್ಕಲುತನದಿಂದ ಬಂದದ್ದು. ಎತ್ತನ್ನೂ ಕತ್ತೆಯನ್ನೂ ಒಂದೇ ನೊಗಕ್ಕೆ ಹೂಡಬಾರದು ಎಂಬ ಧರ್ಮೋಪದೇಶಕಾಂಡದ ನಿಯಮದ ನೆನಪು ಅದರ ಹಿಂದಿದೆ. ನೊಗ ಎಂದರೆ ದಿಕ್ಕನ್ನು ನಿರ್ಧರಿಸುವ ಬಂಧನ. ಒಂದೇ ಓಣಿಯಲ್ಲಿ ನಿಲ್ಲುವುದು, ಒಂದೇ ಕೊಟ್ಟಿಗೆಯ ಬಾಗಿಲಲ್ಲಿ ಮಾತಾಡುವುದು ನೊಗವಲ್ಲ. ಅದೇ ಪೌಲನು ಅದೇ ಊರಿನವರಿಗೆ ಬರೆದ ಮೊದಲನೆಯ ಪತ್ರಿಕೆಯ ಐದನೆಯ ಅಧ್ಯಾಯದಲ್ಲಿ ಇನ್ನೂ ಸ್ಪಷ್ಟವಾಗಿ ಮಾತಾಡಿದ್ದಾನೆ. ದುರ್ನಡತೆಯವರ ಸಹವಾಸ ಬೇಡವೆಂದು ಅವನು ಹಿಂದೊಮ್ಮೆ ಬರೆದಿದ್ದನು. ಈಗ ಅದನ್ನು ಅವನೇ ತಿದ್ದುತ್ತಾನೆ: ನಾನು ಹೇಳಿದ್ದು ಹೊರಗಿನವರ ವಿಷಯವಲ್ಲ, ಹಾಗಿದ್ದರೆ ನೀವು ಲೋಕವನ್ನೇ ಬಿಟ್ಟು ಹೋಗಬೇಕಾದೀತು, ನಾನು ಹೇಳಿದ್ದು ಸಹೋದರನೆನಿಸಿಕೊಂಡು ಲೋಭಿಯೂ ಸುಲಿಗೆ ಮಾಡುವವನೂ ಆಗಿರುವವನ ವಿಷಯ. ಅಂದರೆ ಪ್ರತ್ಯೇಕತೆಯ ಬೋಧನೆಯನ್ನು ತಪ್ಪಾಗಿ ಓದಿಕೊಂಡ ಮೊದಲಿಗರು ಆ ಕಾಲದಲ್ಲೇ ಇದ್ದರು, ಬೋಧಿಸಿದವನೇ ಅವರನ್ನು ತಿದ್ದಿದನು.

ಫರಾಳದ ಡಬ್ಬಿಯ ವಿಷಯಕ್ಕೆ ಬರೋಣ, ಏಕೆಂದರೆ ಇದರ ಬಗ್ಗೆ ಹೊಸ ಒಡಂಬಡಿಕೆಯಲ್ಲಿ ಇರುವಷ್ಟು ವಿವರ ಇನ್ನಾವ ದಿನಬಳಕೆಯ ಪ್ರಶ್ನೆಗೂ ಇರಲಾರದು. ಕೊರಿಂಥ ಗುಡಿಗಳ ಊರು. ಬಲಿಯ ಮಾಂಸದ ಒಂದು ಪಾಲು ಗುಡಿಯ ಊಟದ ಮನೆಗೆ, ಇನ್ನೊಂದು ಪಾಲು ಪೇಟೆಯ ಅಂಗಡಿಗೆ ಹೋಗುತ್ತಿತ್ತು. ನಂಬಿದವರು ಏನು ಮಾಡಬೇಕು? ಪೌಲನು ಒಂದೇ ಗೆರೆ ಎಳೆದು ಮುಗಿಸಲಿಲ್ಲ, ಸಂದರ್ಭಗಳನ್ನು ಬಿಡಿಸಿ ನೋಡಿದನು. ಪೂಜೆಯ ಭಾಗವಾಗಿ ಪೂಜೆಯ ಪಂಕ್ತಿಯಲ್ಲಿ ಕುಳಿತು ಉಣ್ಣುವುದು ಕರ್ತನ ಭೋಜನದಲ್ಲಿ, ಅಂದರೆ ಯೇಸುವಿನ ನೆನಪಿಗೆ ಸಭೆ ಹಂಚಿಕೊಳ್ಳುವ ರೊಟ್ಟಿ ಮತ್ತು ದ್ರಾಕ್ಷಾರಸದಲ್ಲಿ, ಪಾಲುಗೊಳ್ಳುವವನಿಗೆ ಸಲ್ಲದು ಎಂದನು. ಪೇಟೆಯಲ್ಲಿ ಮಾರುವುದನ್ನು ವಿಚಾರಣೆ ಮಾಡದೆ ಕೊಂಡು ತಿನ್ನಿರಿ ಎಂದನು. ನಂಬದವನೊಬ್ಬ ಊಟಕ್ಕೆ ಕರೆದರೆ, ಹೋಗಲು ಮನಸ್ಸಿದ್ದರೆ ಹೋಗಿ ಬಡಿಸಿದ್ದನ್ನು ತಿನ್ನಿರಿ ಎಂದನು. ಇದು ನೈವೇದ್ಯ ಮಾಡಿದ್ದು ಎಂದು ಯಾರಾದರೂ ಎತ್ತಿ ಹೇಳಿದರೆ ಮಾತ್ರ, ಹೇಳಿದವನ ಮನಸ್ಸಾಕ್ಷಿಯ ಸಲುವಾಗಿ ಬಿಡಿರಿ ಎಂದನು. ಇದೆಲ್ಲ ಮೊದಲನೆಯ ಪತ್ರಿಕೆಯ 8ರಿಂದ 10ನೆಯ ಅಧ್ಯಾಯಗಳಲ್ಲಿದೆ.

ಇದನ್ನು ನಮ್ಮ ಭಾಗದ ಬದುಕಿಗೆ ಹಚ್ಚಿ ನೋಡಿ. ಲಕ್ಷ್ಮೀಪೂಜೆಯ ಹೊತ್ತಿಗೆ ಆರತಿ ಹಿಡಿದು ನಿಲ್ಲುವುದು ಒಂದು ಸಂಗತಿ. ನಿಮ್ಮ ಅತ್ತಿಗೆ ಕೈಯಾರೆ ಕರಿದು ಕಳಿಸಿದ ಚಕ್ಕುಲಿ, ಶಂಕರಪಾಳಿ ಬೇರೆಯೇ ಸಂಗತಿ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಕುಳಿತು ಸಜ್ಜಿರೊಟ್ಟಿ, ಪುಂಡಿಪಲ್ಲೆ ಉಣ್ಣುವುದಕ್ಕೂ ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲುವುದರಲ್ಲಿ ಭಾಗಿಯಾಗುವುದಕ್ಕೂ ವ್ಯತ್ಯಾಸವಿದೆ. ದಸರೆಯ ದಿನ ಓಣಿಯ ಹುಡುಗ ಬನ್ನಿ ಎಲೆ ಕೈಗಿಟ್ಟು ಬಂಗಾರದಂತೆ ಇರೋಣ ಎಂದರೆ ಅವನು ಕೊಡುತ್ತಿರುವುದು ಸ್ನೇಹವನ್ನು. ಅದನ್ನು ತೆಗೆದುಕೊಂಡ ಸಭಾಪಾಲಕರನ್ನು ನಾನು ಬಲ್ಲೆ, ಮುಜುಗರಪಟ್ಟು ಕೈಮುಗಿದು ಮುಂದೆ ಹೋದವರನ್ನೂ ಬಲ್ಲೆ, ಇಬ್ಬರ ನಂಬಿಕೆಯ ಬಗ್ಗೆಯೂ ನನಗೆ ಸಂಶಯವಿಲ್ಲ. ನಿಮ್ಮ ಮಗನಿಗೆ ಆ ಫರಾಳ ತಿನ್ನಲು ಮನಸ್ಸಾಕ್ಷಿ ಒಪ್ಪದಿದ್ದರೆ ಅವನು ತಿನ್ನದಿರಲಿ, ಸಂಶಯಪಡುತ್ತ ತಿನ್ನುವುದು ಸರಿಯಲ್ಲ ಎಂದು ಪೌಲನೇ ಹೇಳಿದ್ದಾನೆ. ಆದರೆ ತಿನ್ನದವನು ತಿನ್ನುವವರಿಗೆ ತೀರ್ಪು ಮಾಡಬಾರದು ಎಂಬುದೂ ಅದೇ ಅಧ್ಯಾಯದಲ್ಲಿದೆ, ರೋಮಾಪುರದವರಿಗೆ ಬರೆದ ಪತ್ರಿಕೆಯ ಹದಿನಾಲ್ಕನೆಯದರಲ್ಲಿ. ಅವನ ಕೂಟದಲ್ಲಿ ಆ ಅಧ್ಯಾಯದ ಕೊನೆಯ ವಚನವನ್ನಷ್ಟೇ ಓದುತ್ತಾರೋ ಏನೋ.

ಇಷ್ಟು ಸ್ಪಷ್ಟವಾಗಿರುವ ಬೋಧನೆ ಮತ್ತೆ ಮತ್ತೆ ಏಕೆ ಗೋಡೆಯಾಗುತ್ತದೆ? ಚರಿತ್ರೆಯಲ್ಲಿ ನೋಡಿದರೆ ಗೋಡೆ ಎದ್ದ ಕಡೆಗಳಲ್ಲಿ ಸಾಮಾನ್ಯವಾಗಿ ಮೊದಲು ಗಾಯ ಇರುತ್ತದೆ. 1527ರ ಫೆಬ್ರುವರಿಯಲ್ಲಿ ಸ್ವಿಸ್ ಅನಾಬ್ಯಾಪ್ಟಿಸ್ಟರು, ಅಂದರೆ ಶಿಶುಗಳಿಗೆ ದೀಕ್ಷಾಸ್ನಾನ ಕೊಡುವುದನ್ನು ಒಪ್ಪದ ಪಂಥದವರು, ಶ್ಲೈಥೈಮ್ ಎಂಬ ಊರಿನಲ್ಲಿ ಏಳು ಅಂಶಗಳ ಒಪ್ಪಂದ ಮಾಡಿಕೊಂಡರು, ಅದರ ನಾಲ್ಕನೆಯ ಅಂಶ ಲೋಕದಿಂದ ಬೇರ್ಪಡುವುದರ ಬಗ್ಗೆ, ಬಹಳ ಕಟುವಾಗಿದೆ. ಆದರೆ ಅದರ ಹಿಂದಿನ ತಿಂಗಳು ಅವರ ಮುಂದಾಳು ಫೆಲಿಕ್ಸ್ ಮಾಂಟ್ಸ್‌ನನ್ನು ಜೂರಿಚ್‌ನಲ್ಲಿ ನದಿಗೆ ಮುಳುಗಿಸಿ ಕೊಲ್ಲಲಾಗಿತ್ತು. ಒಪ್ಪಂದವನ್ನು ರೂಪಿಸಿದ ಮಿಖಾಯೆಲ್ ಸಾಟ್ಲರ್‌ನನ್ನು ಅದೇ ವರ್ಷ ಮೇ ತಿಂಗಳಲ್ಲಿ ಸುಟ್ಟರು. ಅವರನ್ನು ಲೋಕವೇ ಹೊರಗೆ ನೂಕಿತ್ತು, ಅವರು ಆ ಹೊರಗಿಗೆ ಒಂದು ಅರ್ಥ ಕೊಟ್ಟುಕೊಂಡರು.

ನಮ್ಮ ನಾಡಿನ ಕಥೆಯೂ ಸ್ವಲ್ಪ ಹಾಗೆಯೇ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯ ಪಯಟಿಸ್ಟ್ ಭಕ್ತಿಪಂಥದಲ್ಲಿ ಬೆಳೆದವರು, ಹೆಂಡ, ಜಾತ್ರೆ, ಜಾತಿಯ ಗುರುತು ಇವುಗಳ ವಿಷಯದಲ್ಲಿ ಕಟ್ಟುನಿಟ್ಟಿನವರು. ಇತ್ತ ಕ್ರೈಸ್ತರಾದವರನ್ನು ಅವರವರ ಜಾತಿಯವರು ಬಹಿಷ್ಕರಿಸುತ್ತಿದ್ದರು, ಕಸುಬು ಹೋಗುತ್ತಿತ್ತು, ಮನೆ ಹೋಗುತ್ತಿತ್ತು. ನೇಯ್ಗೆ ಕಾರ್ಖಾನೆಗಳೂ 1865ರಲ್ಲಿ ಮಂಗಳೂರಿನಲ್ಲಿ ಶುರುವಾದ ಹೆಂಚಿನ ಕಾರ್ಖಾನೆಯೂ ಅಂಥವರಿಗೆ ಅನ್ನ ಕೊಟ್ಟವು, ಮಿಷನ್ ಕಾಂಪೌಂಡ್ ಆಸರೆ ಕೊಟ್ಟಿತು. ಆ ಕಾಂಪೌಂಡಿನ ಗೋಡೆ ಆಗ ಬೇಕಾಗಿತ್ತು. ಮೂರು ತಲೆಮಾರು ಕಳೆದ ಮೇಲೂ ಅದನ್ನೇ ನಂಬಿಕೆಯ ಲಕ್ಷಣ ಎಂದುಕೊಂಡ ಹಿರಿಯರನ್ನು ನಾನು ಕಂಡಿದ್ದೇನೆ. ಗೋಡೆಯ ಒಳಗೆ ಜಾತಿ ನೋಡಿಯೇ ಹೆಣ್ಣು ತರುತ್ತಿದ್ದರು, ವರದಕ್ಷಿಣೆಯ ಮಾತು ಆರಾಧನೆ ಮುಗಿದ ಮೇಲೆ ಅಂಗಳದಲ್ಲೇ ನಡೆಯುತ್ತಿತ್ತು, ಆದರೆ ಯಾರದೋ ಮನೆ ಬಾಗಿಲಿಗೆ ಮಾವಿನ ತೋರಣ ಕಂಡರೆ ಸಭಾ ಕಮಿಟಿ ಕೂಡುತ್ತಿತ್ತು. ನಿಮ್ಮ ಸಭೆಯವರೂ ಲೋಕದವರೇ ಎಂದು ನಿಮ್ಮ ಮಗ ಅಂದದ್ದು ನಿಮಗೆ ನೋವಾಗಿದೆ. ಅವನು ಯಾವ ಕಾರಣಕ್ಕೆ ಹಾಗೆ ಅಂದನೋ ತಿಳಿಯದು, ಆದರೆ ಆ ಮಾತಿನಲ್ಲಿ ಹುರುಳೇ ಇಲ್ಲ ಎಂದು ನಾನು ಹೇಳಲಾರೆ.

ಇನ್ನೊಂದು ನಿದರ್ಶನ ಎಚ್ಚರಿಕೆಗೆ ಸಾಕು. 19ನೆಯ ಶತಮಾನದ ಬ್ರದರನ್ ಸಭೆಗಳು ಎಲ್ಲ ಪಂಗಡಗಳ ವಿಶ್ವಾಸಿಗಳು ಒಂದೇ ರೊಟ್ಟಿಯಲ್ಲಿ ಪಾಲುಗೊಳ್ಳಬೇಕು ಎಂಬ ಹಂಬಲದಿಂದ ಹುಟ್ಟಿದವು. ಅವುಗಳ ಆರಂಭಕರಲ್ಲಿ ಒಬ್ಬರಾದ, ಮುಂದೆ ಕೆಲಕಾಲ ನಮ್ಮ ನೆರೆಯ ಚಿತ್ತೂರಿನಲ್ಲಿ ನೆಲೆಸಿ ದುಡಿದ ಆಂಥೊನಿ ನಾರಿಸ್ ಗ್ರೋವ್ಸ್ 1836ರಲ್ಲಿ ತಮ್ಮ ಜೊತೆಗಾರ ಜಾನ್ ನೆಲ್ಸನ್ ಡಾರ್ಬಿಗೆ ಪತ್ರ ಬರೆದು, ಹೀಗೇ ಮುಂದುವರಿದರೆ ನೀವು ಯಾವುದರ ಪರವಾಗಿ ನಿಂತಿದ್ದೀರಿ ಎಂಬುದಕ್ಕಿಂತ ಯಾವುದರ ವಿರುದ್ಧ ನಿಂತಿದ್ದೀರಿ ಎಂಬುದರಿಂದಲೇ ಗುರುತಾಗುತ್ತೀರಿ ಎಂದು ಎಚ್ಚರಿಸಿದರು. 1848ರಲ್ಲಿ ಆ ಸಭೆಗಳು ಒಡೆದವು. ತಪ್ಪು ಬೋಧಿಸಿದವನಿಂದ ದೂರವಾಗುವುದಷ್ಟೇ ಸಾಲದು, ಅವನಿಂದ ದೂರವಾಗದವರಿಂದಲೂ ದೂರವಾಗಬೇಕು ಎಂಬ ಹಟ ಒಡಕಿಗೆ ಕಾರಣವಾಯಿತು. ಪ್ರತ್ಯೇಕತೆಗೆ ಈ ಒಂದು ಚಾಳಿ ಇದೆ, ಹೊರಗಿನವರು ಮುಗಿದ ಮೇಲೆ ಒಳಗಿನವರನ್ನು ಎಣಿಸತೊಡಗುತ್ತದೆ.

ಆದರೂ ನಿಮ್ಮ ಮಗನ ಬೇಲಿಯನ್ನು ಕಿತ್ತುಹಾಕಲು ಅವಸರಪಡಬೇಡಿ. ಊರು ಬಿಟ್ಟು, ಒಂಟಿ ಕೋಣೆಯಲ್ಲಿದ್ದು, ಕುಡಿತಕ್ಕೆ ಬಿದ್ದ ಹುಡುಗನಿಗೆ ಆ ಕೂಟ ಹೆಸರು ಹಿಡಿದು ಕರೆಯುವ ನಾಲ್ಕು ಜನರನ್ನು ಕೊಟ್ಟಿದೆ, ಸಂಜೆಯ ಹೊತ್ತನ್ನು ತುಂಬಿಕೊಟ್ಟಿದೆ. ಹಳೆಯ ಗೆಳೆಯರು, ಹಳೆಯ ಜಾಗ, ಹಬ್ಬದ ರಾತ್ರಿಯ ಗದ್ದಲ ಇವೆಲ್ಲ ಅವನಿಗೆ ಮತ್ತೆ ಜಾರುವ ಮೆಟ್ಟಿಲುಗಳಾಗಿರಬಹುದು. ಅಂಥವನಿಗೆ ಬೇಲಿ ಬೇಕು. ಯೆರೆಮೀಯನ ಗ್ರಂಥದ 35ನೆಯ ಅಧ್ಯಾಯದಲ್ಲಿ ರೇಕಾಬ್ಯರೆಂಬ ಮನೆತನದವರು ಬರುತ್ತಾರೆ. ತಮ್ಮ ಪೂರ್ವಜನ ಮಾತಿನಂತೆ ಅವರು ದ್ರಾಕ್ಷಾರಸ ಮುಟ್ಟುವುದಿಲ್ಲ, ಮನೆ ಕಟ್ಟುವುದಿಲ್ಲ, ಡೇರೆಯಲ್ಲೇ ಇರುತ್ತಾರೆ. ದೇವರು ಅವರ ನಿಷ್ಠೆಯನ್ನು ಮೆಚ್ಚುತ್ತಾನೆ, ಆದರೆ ಯೆರೂಸಲೇಮಿನವರೆಲ್ಲ ಡೇರೆಗೆ ಬರಲಿ ಎನ್ನುವುದಿಲ್ಲ. ಒಬ್ಬನ ವ್ರತ ಎಲ್ಲರ ಕಟ್ಟಳೆಯಾಗಬೇಕಿಲ್ಲ. ಈ ಮಾತನ್ನು ಮಗನಿಗೆ ಹೇಳುವಾಗ ಅವನ ವ್ರತವನ್ನು ನೀವು ಗೌರವಿಸುತ್ತೀರಿ ಎಂಬುದು ಮೊದಲು ಅವನಿಗೆ ತಿಳಿಯಬೇಕು.

ನನಗೆ ನಿಜವಾಗಿ ಚಿಂತೆಯಾಗುವುದು ಬೇರೆ ಕಡೆ. ಪ್ರತ್ಯೇಕತೆಯ ಹೆಸರಿನಲ್ಲಿ ಕೆಲವು ಕೂಟಗಳು ವ್ಯಕ್ತಿಯನ್ನು ದೇವರಿಗೆ ಮೀಸಲಿಡುವ ಬದಲು ಮುಂದಾಳಿಗೆ ಮೀಸಲಿಡುತ್ತವೆ. ಸಂಬಳದ ಲೆಕ್ಕವನ್ನು ಅವರಿಗೆ ಒಪ್ಪಿಸಬೇಕೇ? ಯಾರನ್ನು ಮದುವೆಯಾಗಬೇಕು, ಊರಿಗೆ ಯಾವಾಗ ಹೋಗಬೇಕು ಎಂಬುದನ್ನು ಅವರು ನಿರ್ಧರಿಸುತ್ತಾರೆಯೇ? ಕೂಟದ ಹಣದ ಲೆಕ್ಕ ಸದಸ್ಯರಿಗೆ ಕಾಣುತ್ತದೆಯೇ? ಬಿಟ್ಟುಹೋದವರ ಬಗ್ಗೆ ಏನು ಮಾತಾಡುತ್ತಾರೆ? ತಂದೆತಾಯಿ ಒಂದು ಭಾನುವಾರ ಬಂದು ಕೂತರೆ ಸ್ವಾಗತವಿದೆಯೇ? ಈ ಪ್ರಶ್ನೆಗಳಿಗೆ ಉತ್ತರ ಸಮಾಧಾನಕರವಾಗಿದ್ದರೆ ನೀವು ಎದುರಿಸುತ್ತಿರುವುದು ಹೊಸ ಭಕ್ತಿಯ ಬಿಸಿ, ಅದು ಕಾಲಕ್ರಮದಲ್ಲಿ ಹದಕ್ಕೆ ಬರುವುದೇ ಹೆಚ್ಚು. ಸಮಾಧಾನಕರವಾಗಿಲ್ಲದಿದ್ದರೆ ಫರಾಳದ ಚರ್ಚೆಯನ್ನು ಬದಿಗಿಟ್ಟು, ಅವನ ಜೊತೆಗಿನ ಫೋನಿನ ಸಂಪರ್ಕ ಕಡಿಯದಂತೆ ನೋಡಿಕೊಳ್ಳುವುದೇ ಮುಖ್ಯ ಕೆಲಸವಾಗುತ್ತದೆ.

ನಿಮ್ಮ ಮುಂದಿರುವ ದಾರಿಗಳನ್ನು ನೋಡೋಣ. ಮನೆಯ ಶಾಂತಿಗಾಗಿ ಅವನು ಹೇಳಿದ್ದಕ್ಕೆಲ್ಲ ತಲೆಯಾಡಿಸುವುದು ಮೊದಲನೆಯದು. ಹೀಗೆ ಮಾಡಿದ ತಾಯಂದಿರನ್ನು ನಾನು ನೋಡಿದ್ದೇನೆ. ಶಾಂತಿ ಬರುವುದಿಲ್ಲ, ಪಟ್ಟಿ ಬೆಳೆಯುತ್ತದೆ. ಮೇಲಾಗಿ ಅದರ ಬೆಲೆ ತೆರುವವರು ನಿಮ್ಮ ತಾಯಿ ಮತ್ತು ಅಣ್ಣ, ಅವರನ್ನು ಯಾರೂ ಕೇಳಿರುವುದಿಲ್ಲ. ಆ ಕೂಟಕ್ಕೆ ಹೋದರೆ ಮನೆಗೆ ಬರಬೇಡ ಎಂದು ಗಟ್ಟಿಯಾಗಿ ನಿಲ್ಲುವುದು ಇನ್ನೊಂದು. ಇದರ ಅಪಾಯ ಹೆಚ್ಚು. ನನ್ನ ನಿಮಿತ್ತ ಮನೆಯವರೇ ವೈರಿಗಳಾಗುವರು ಎಂಬ ವಚನ ಅವನಿಗೆ ಬಾಯಿಪಾಠ ಇರುತ್ತದೆ, ನೀವಾಗಿಯೇ ಅದಕ್ಕೆ ಸಾಕ್ಷಿ ಒದಗಿಸಿದಂತಾಗುತ್ತದೆ. ತಂದೆತಾಯಿಯನ್ನು ಹಗೆಮಾಡದವನು ಶಿಷ್ಯನಾಗಲಾರ ಎಂಬ ಲೂಕನ ಸುವಾರ್ತೆಯ ಮಾತನ್ನು ಅವನು ಎತ್ತಿದರೆ ಗಾಬರಿಯಾಗಬೇಡಿ. ಅದು ಆ ನಾಡಿನ ಮಾತಿನ ರೀತಿ, ಮತ್ತಾಯನ ಸುವಾರ್ತೆಯಲ್ಲಿ ಅದೇ ಬೋಧನೆ ‘ನನಗಿಂತ ಹೆಚ್ಚಾಗಿ ಪ್ರೀತಿಸುವವನು’ ಎಂಬ ರೂಪದಲ್ಲಿದೆ. ತಾಯಿತಂದೆಗೆ ಸಲ್ಲಬೇಕಾದದ್ದನ್ನು ‘ಕೊರ್ಬಾನ್’, ಅಂದರೆ ದೇವರಿಗೆ ಮೀಸಲು, ಎಂದು ಹೇಳಿ ತಪ್ಪಿಸಿಕೊಂಡವರನ್ನು ಯೇಸು ಹೇಗೆ ತರಾಟೆಗೆ ತೆಗೆದುಕೊಂಡನು ಎಂಬುದು ಮಾರ್ಕನ ಸುವಾರ್ತೆಯ ಏಳನೆಯ ಅಧ್ಯಾಯದಲ್ಲಿದೆ.

ನಾನು ಒಪ್ಪುವ ದಾರಿ ನಿಧಾನದ್ದು. ಅವನ ಮೈಮೇಲೆ, ಅವನ ತಟ್ಟೆಯಲ್ಲಿ, ಅವನ ಕೋಣೆಯಲ್ಲಿ ಅವನ ಮನಸ್ಸಾಕ್ಷಿ ನಡೆಯಲಿ, ನಿಮ್ಮದರಲ್ಲಿ ನಿಮ್ಮದು. ಈ ಗಡಿಯನ್ನು ಜಗಳದ ನಡುವೆ ಹೇಳದೆ ಒಂದು ದಿನ ನೀವೂ ನಿಮ್ಮ ಯಜಮಾನರೂ ಕೂಡಿ ಶಾಂತವಾಗಿ ಹೇಳಿರಿ. ಇದಕ್ಕೂ ಅಪಾಯವಿಲ್ಲದಿಲ್ಲ. ಕೆಲವು ಕಾಲ ಅವನು ಬರುವುದು ಕಡಿಮೆಯಾಗಬಹುದು, ನಿಮ್ಮ ತವರಿನವರು ನಿಮ್ಮನ್ನು ಮಗನಿಗೆ ಬುದ್ಧಿ ಹೇಳಲಾರದವಳು ಎನ್ನಬಹುದು. ಮಂಗಳಸೂತ್ರದ ಮಾತು ಇಲ್ಲಿಗೇ ಸೇರುತ್ತದೆ. ಚಿನ್ನಾಭರಣದ ಬಗ್ಗೆ ಪೇತ್ರ, ಪೌಲರ ಪತ್ರಿಕೆಗಳಲ್ಲಿ ಇರುವುದು ಸಿರಿವಂತಿಕೆಯ ಪ್ರದರ್ಶನದ ವಿರುದ್ಧದ ಮಾತು. ಕೇರಳದ ಸುರಿಯಾನಿ ಕ್ರೈಸ್ತ ಹೆಣ್ಣುಮಕ್ಕಳು ಶಿಲುಬೆಯ ಗುರುತಿರುವ ‘ಮಿನ್ನು’ ಧರಿಸುತ್ತಾರೆ, ಅದೇ ಕೇರಳದ ಅನೇಕ ಪೆಂತೆಕೊಸ್ತ ಸಭೆಗಳವರು ಒಡವೆಯನ್ನೇ ತೊಡುವುದಿಲ್ಲ. ನಿಮ್ಮ ಕೊರಳಿನದು ನಿಮ್ಮ ಮತ್ತು ನಿಮ್ಮ ಯಜಮಾನರ ನಡುವಿನ ಸಂಗತಿ, ಮಗನ ಅಪ್ಪಣೆಗೆ ಒಳಪಟ್ಟದ್ದಲ್ಲ. ಟಿವಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅವನು ಬಂದಾಗ ಎರಡು ದಿನ ಆರಿಸಿಟ್ಟರೆ ಯಾರಿಗೂ ನಷ್ಟವಿಲ್ಲ, ನನ್ನ ಮನೆಯಲ್ಲಿ ಹಾಗೆ ಆರಿಸಿದಾಗ ನಮಗೇ ಒಳ್ಳೆಯದಾಗಿತ್ತು.

ಉಳಿದದ್ದು ಅಜ್ಜಿ ಮತ್ತು ಮದುವೆ. ಅರಸುಗಳ ಎರಡನೆಯ ಗ್ರಂಥದ ಐದನೆಯ ಅಧ್ಯಾಯವನ್ನು ಅವನ ಜೊತೆ ಕುಳಿತು ಓದಿರಿ. ಕುಷ್ಠ ವಾಸಿಯಾದ ಅರಾಮ್ಯ ಸೇನಾಪತಿ ನಾಮಾನನು ಇನ್ನು ಮೇಲೆ ಇಸ್ರಾಯೇಲಿನ ದೇವರನ್ನು ಬಿಟ್ಟು ಬೇರೆಯವರಿಗೆ ಬಲಿ ಅರ್ಪಿಸುವುದಿಲ್ಲ ಎಂದು ಮಾತು ಕೊಟ್ಟ ಮೇಲೆ ಒಂದು ವಿನಾಯಿತಿ ಬೇಡುತ್ತಾನೆ. ನನ್ನ ಒಡೆಯನು ನನ್ನ ಕೈಗೆ ಒರಗಿಕೊಂಡು ರಿಮ್ಮೋನನ ಗುಡಿಗೆ ಹೋಗುವಾಗ ನಾನೂ ಅಲ್ಲಿ ಬಾಗಬೇಕಾಗುತ್ತದೆ, ಅದನ್ನು ಕ್ಷಮಿಸಬೇಕು ಎನ್ನುತ್ತಾನೆ. ಪ್ರವಾದಿಯಾದ ಎಲೀಷನು ಅದಕ್ಕೆ ಉಪದೇಶ ಮಾಡಲಿಲ್ಲ, ಸಮಾಧಾನದಿಂದ ಹೋಗು ಎಂದಷ್ಟೇ ಹೇಳಿದನು. ನಿಮ್ಮ ಮಗನಿಂದ ಯಾರೂ ಅಷ್ಟು ಕೂಡ ಕೇಳಿಲ್ಲ, ಮಠದ ಬಾಗಿಲವರೆಗೆ ಗಾಡಿ ಓಡಿಸು ಎಂದಿದ್ದಾರೆ.

ಮದುವೆಗೆ ನೀವು ಹೋಗಲೇಬೇಕು, ವಧುವಿನ ಸೋದರತ್ತೆ ನೀವು. ಆಹೇರಿ ಮಾಡುವುದರಲ್ಲಿ, ಮನೆಯ ಕೆಲಸಕ್ಕೆ ಕೈಗೂಡಿಸುವುದರಲ್ಲಿ ನಂಬಿಕೆಗೆ ಅಡ್ಡಿಯಾಗುವುದು ಏನೂ ಇಲ್ಲ. ಹೋಮದ ಮುಂದೆ ಕುಳಿತುಕೊಳ್ಳಲು ಕರೆದರೆ ಬೇಡವೆನ್ನುವ ರೂಢಿ ನಿಮಗೆ ಈಗಾಗಲೇ ಇದ್ದೀತು, ನಿಮ್ಮ ಅಣ್ಣನಿಗೂ ಅದು ಗೊತ್ತಿದ್ದೀತು. ಮಗನಿಗೆ ಬಾ ಎಂದು ಹೇಳಿರಿ, ಬರಲೇಬೇಕೆಂದು ಒತ್ತಾಯ ಮಾಡಬೇಡಿ. ಅಕ್ಕಿಕಾಳು ಹಾಕುವ ಹೊತ್ತಿಗೆ ಮಂಟಪದಲ್ಲಿ ಇರಲು ಅವನಿಗೆ ಮುಜುಗರವಾದರೆ ಸ್ಟೇಷನ್ನಿಗೆ ಬರುವ ಬೀಗರನ್ನು ಕರೆತರುವ ಕೆಲಸ ಇರುತ್ತದೆ, ಪಂಕ್ತಿಯಲ್ಲಿ ನೀರು ಬಡಿಸುವ ಕೆಲಸ ಇರುತ್ತದೆ. ಮದುವೆಮನೆಯಲ್ಲಿ ದುಡಿಯುವ ಹುಡುಗನನ್ನು ನೀನು ಯಾಕೆ ಕಾಳು ಹಾಕಲಿಲ್ಲ ಎಂದು ಕೇಳುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ. ಅವನು ಊಟ ಮಾಡುವುದಿಲ್ಲ ಎಂದಾದರೆ ಅದನ್ನು ನೀವು ಮೊದಲೇ ನಿಮ್ಮ ಅಣ್ಣನ ಕಿವಿಯಲ್ಲಿ ಹಾಕಿಡಿ, ಎಲೆಯ ಮುಂದೆ ಕುಳಿತಾಗ ಆ ಮಾತು ಬರುವುದು ಬೇಡ.